ಪಿಎಸ್4 ಆಟ ವೀಟಾ ಪರದೆಯಲ್ಲಿ ತಡವರಿಸದಂತೆ ಮಾಡಿಕೊಂಡ ಬಗೆ

ಮನೆಯ ಟಿವಿ ಬೇರೆಯವರಿಗೆ ಬೇಕಿರುವಾಗ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಆಡಲು ಸೋನಿಯದ್ದೇ ಕೈಯಲ್ಲಿ ಹಿಡಿದಾಡುವ ಪಿಎಸ್ ವೀಟಾ ಈಗಲೂ ಒಳ್ಳೆಯ ಜೊತೆ. ಈ ಸೌಲಭ್ಯದ ಹೆಸರು ರಿಮೋಟ್ ಪ್ಲೇ. ಆಟ ನಡೆಯುವುದು ಪಿಎಸ್4ನಲ್ಲೇ. ಚಿತ್ರ, ಸದ್ದು ವೈಫೈ ಮೂಲಕ ವೀಟಾಕ್ಕೆ ಬರುತ್ತವೆ, ಒತ್ತಿದ ಬಟನ್ ವಾಪಸ್ ಹೋಗುತ್ತದೆ. ಅದೇ ಚಿತ್ರ ಟಿವಿಗೂ ಹೋಗುತ್ತಿರುತ್ತದೆ. ಟಿವಿಯ ಇನ್‌ಪುಟ್ ಬದಲಿಸಿ ಧಾರಾವಾಹಿ ಹಾಕಿಕೊಟ್ಟರೆ ಇಬ್ಬರಿಗೂ ತೊಂದರೆಯಿಲ್ಲ.

ಬಹಳ ಜನ ಇದನ್ನು ಎರಡು ದಿನ ನೋಡಿ ಕೈಬಿಡುವುದು ಚಿತ್ರ ಒಡೆಯುತ್ತದೆ ಎಂದು. ದೋಷ ಹೆಚ್ಚಾಗಿ ವೀಟಾದ್ದಲ್ಲ, ದಾರಿಯದ್ದು. ವೀಟಾಕ್ಕೆ 5 ಗಿಗಾಹರ್ಟ್ಸ್ ವೈಫೈ ಕಾಣುವುದೇ ಇಲ್ಲ, 2.4 ಮಾತ್ರ. ಮೊದಲ ಮಾದರಿಯ ಪಿಎಸ್4ಗೂ ಅಷ್ಟೇ. ಎರಡೂ ವೈಫೈನಲ್ಲೇ ಇದ್ದರೆ ಪ್ರತಿ ಫ್ರೇಮ್ ಒಂದೇ ಚಾನೆಲ್‌ನಲ್ಲಿ ಎರಡು ಸಲ ಗಾಳಿಯಲ್ಲಿ ಹಾಯಬೇಕು: ಪಿಎಸ್4ನಿಂದ ರೌಟರ್‌ಗೆ, ಅಲ್ಲಿಂದ ವೀಟಾಕ್ಕೆ. ಆದ್ದರಿಂದ ನಾನು ಮೊದಲು ಮಾಡಿದ ಕೆಲಸ ಪಿಎಸ್4ನಿಂದ ರೌಟರ್‌ಗೆ ಲ್ಯಾನ್ ಕೇಬಲ್ ಎಳೆದದ್ದು. ಉಳಿದ ಯಾವ ಸೆಟ್ಟಿಂಗ್ ಕೂಡ ಇಷ್ಟು ಫಲ ಕೊಡುವುದಿಲ್ಲ.

ಆಮೇಲೆ ರೌಟರ್. 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಫೋನ್, ಲ್ಯಾಪ್‌ಟಾಪ್‌ಗಳನ್ನು 5ಕ್ಕೆ ಸಾಗಹಾಕಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 40 ಇಟ್ಟರೆ ಅಕ್ಕಪಕ್ಕದ ಮನೆಗಳ ಸಿಗ್ನಲ್ ಜೊತೆ ಡಿಕ್ಕಿ ಹೆಚ್ಚುತ್ತದೆ. ಫೋನ್‌ನ ವೈಫೈ ಅನಲೈಜರ್ ಆ್ಯಪ್‌ನಲ್ಲಿ ನೋಡಿ 1, 6, 11ರ ಪೈಕಿ ಖಾಲಿಯಿರುವುದನ್ನು ಆರಿಸಿ. ವೈಫೈ ಪಾಸ್‌ವರ್ಡ್‌ನ ಭದ್ರತಾ ವಿಧಾನ ಡಬ್ಲ್ಯೂಪಿಎ2 ಇರಬೇಕು. ಅದರ ಹೊಸ ರೂಪವಾದ ಡಬ್ಲ್ಯೂಪಿಎ3 ಮಾತ್ರ ಇದ್ದರೆ ವೀಟಾ ಸೇರುವುದಿಲ್ಲ. ಮೈಕ್ರೋವೇವ್ ಓವನ್ ಓಡುವಾಗ ಚಿತ್ರ ಒಡೆದರೆ ಗಾಬರಿ ಬೇಡ, ಅದೂ ಇದೇ ತರಂಗಾಂತರ.

ವೀಟಾದ ಪವರ್ ಸೇವ್ ಸೆಟ್ಟಿಂಗ್ಸ್‌ನಲ್ಲಿ ವೈಫೈಯನ್ನು ಪವರ್ ಸೇವ್ ಮೋಡ್‌ನಲ್ಲಿ ಬಳಸುವ ಆಯ್ಕೆ ಇದೆ. ಅದರ ಟಿಕ್ ತೆಗೆಯಿರಿ. ಅದು ಇದ್ದಾಗ ರೇಡಿಯೋ ನಡುನಡುವೆ ತೂಕಡಿಸುತ್ತದೆ, ಆಟ ಜಗ್ಗಿ ಜಗ್ಗಿ ಓಡುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಆದರೆ ಆ ಬೆಲೆ ತೆರಲೇಬೇಕು.

ಜೋಡಿಸುವುದು ಸುಲಭ. ಎರಡರಲ್ಲೂ ಒಂದೇ ಪಿಎಸ್‌ಎನ್ (ಸೋನಿಯ ಆನ್‌ಲೈನ್ ಸೇವೆ ಪ್ಲೇಸ್ಟೇಷನ್ ನೆಟ್‌ವರ್ಕ್) ಖಾತೆ ಇರಬೇಕು. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿದ್ದರೆ ವೀಟಾ ಮಾಮೂಲಿ ಪಾಸ್‌ವರ್ಡ್ ಒಪ್ಪುವುದಿಲ್ಲ. ಖಾತೆಯ ಭದ್ರತಾ ಪುಟದಲ್ಲಿ ಡಿವೈಸ್ ಸೆಟಪ್ ಪಾಸ್‌ವರ್ಡ್ ಪಡೆದು ಅದನ್ನು ಹಾಕಬೇಕು. ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ನಂತರ ಪಿಎಸ್4ನಲ್ಲಿ ರಿಮೋಟ್ ಪ್ಲೇ ಆನ್ ಮಾಡಿ, ಆ್ಯಡ್ ಡಿವೈಸ್ ಒತ್ತಿ ಬರುವ 8 ಅಂಕಿಗಳನ್ನು ವೀಟಾದ ಪಿಎಸ್4 ಲಿಂಕ್ ಆ್ಯಪ್‌ನಲ್ಲಿ ಹೊಡೆದರೆ ಆಯಿತು. ಮಲಗಿದಲ್ಲಿಂದಲೇ ಪಿಎಸ್4 ಎಬ್ಬಿಸಬೇಕಾದರೆ ಅದು ನಿಮ್ಮ ಖಾತೆಯ ಪ್ರೈಮರಿ (ಮುಖ್ಯ) ಪಿಎಸ್4 ಆಗಿರಬೇಕು, ರೆಸ್ಟ್ ಮೋಡ್‌ನಲ್ಲಿ (ಅರೆನಿದ್ದೆಯ ಸ್ಥಿತಿ) ಇಂಟರ್ನೆಟ್ ಸಂಪರ್ಕ ಉಳಿಸಿಕೊಳ್ಳುವ ಮತ್ತು ನೆಟ್‌ವರ್ಕ್‌ನಿಂದ ಆನ್ ಮಾಡುವ ಎರಡೂ ಆಯ್ಕೆಗಳು ಆನ್ ಇರಬೇಕು. ಕರೆಂಟ್ ಹೋಗಿ ಬಂದರೆ ರೆಸ್ಟ್ ಮೋಡ್ ಕಳೆದುಹೋಗುತ್ತದೆ. ಪೂರ್ತಿ ಆಫ್ ಆದ ಪಿಎಸ್4 ನೆಟ್‌ವರ್ಕ್ ಕರೆಗೆ ಓಗೊಡುವುದಿಲ್ಲ, ಎದ್ದು ಹೋಗಿ ಒತ್ತಬೇಕು. ನಮ್ಮ ಕಡೆ ಪಿಎಸ್4, ರೌಟರ್ ಎರಡಕ್ಕೂ ಯುಪಿಎಸ್ ಇದ್ದರೆ ಚೆಂದ.

ರೌಟರ್ ದೂರದ ಕೋಣೆಯಲ್ಲಿದ್ದರೆ ವೀಟಾ ಜೊತೆ ನೇರ ಸಂಪರ್ಕದ ಆಯ್ಕೆ ಪ್ರಯತ್ನಿಸಿ. ಪಿಎಸ್4 ತನ್ನದೇ ವೈಫೈಯಿಂದ ವೀಟಾವನ್ನು ಹಿಡಿಯುತ್ತದೆ. ಪಿಎಸ್4 ಇರುವ ಕೋಣೆಯಲ್ಲೇ ಕೂತರೆ ಇದು ಚೆನ್ನ, ದಪ್ಪ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ.

ಇನ್ನು ಬಟನ್. ಪಿಎಸ್4 ಕಂಟ್ರೋಲರ್‌ನ ಟ್ರಿಗರ್‌ಗಳಾದ ಎಲ್2, ಆರ್2 ವೀಟಾದಲ್ಲಿ ಇಲ್ಲ. ಅವು ಹಿಂಬದಿಯ ಟಚ್‌ಪ್ಯಾಡ್ ಮೇಲೆ ಬರುತ್ತವೆ. ಬೆರಳು ಸುಮ್ಮನೆ ತಾಗಿದರೂ ಗುಂಡು ಹಾರುತ್ತದೆ. ಟ್ರಿಗರ್ ಇರುವ ಗ್ರಿಪ್ ಕೊಳ್ಳುವುದೇ ಸರಿ. ಆದರೆ ವೀಟಾದ ಮೊದಲ 1000 ಮಾದರಿಯ ಗ್ರಿಪ್ ನಂತರದ ತೆಳುವಾದ 2000 ಮಾದರಿಗೆ ಕೂರುವುದಿಲ್ಲ, ಮಾದರಿ ನೋಡಿ ಕೊಳ್ಳಿ. ಎಲ್3, ಆರ್3 (ಸ್ಟಿಕ್‌ಗಳನ್ನೇ ಒಳಕ್ಕೆ ಒತ್ತುವ ಬಟನ್‌ಗಳು) ಹೆಚ್ಚು ಬೇಡುವ ಶೂಟರ್‌ಗಳಿಗೆ ಈ ಏರ್ಪಾಡು ನನ್ನ ಮಟ್ಟಿಗೆ ಒಗ್ಗುವುದಿಲ್ಲ. ಟೆಕ್ಕೆನ್ 7ರಂತಹ ಹೊಡೆದಾಟದ ಆಟಗಳಲ್ಲಿ ಸಣ್ಣ ವಿಳಂಬವೂ ಸೋಲಿಸುತ್ತದೆ. ಪರ್ಸೋನಾ 5ರಂತಹ ಸರದಿಯ ಆಟಗಳಿಗೆ ಹೇಳಿ ಮಾಡಿಸಿದಂತಿದೆ. ಪಿಎಸ್4 ಕ್ಯಾಮೆರಾ ಅಥವಾ ಮೂವ್ (ಕೈ ಚಲನೆ ಗುರುತಿಸುವ ಕಂಟ್ರೋಲರ್) ಕಡ್ಡಾಯವಿರುವ ಆಟಗಳು ಬರುವುದೇ ಇಲ್ಲ. 1080 ಸಾಲುಗಳಿಗೆಂದು ಬರೆದ ಅಕ್ಷರ ವೀಟಾದ 544 ಸಾಲುಗಳಲ್ಲಿ ಇರುವೆಯಷ್ಟಾಗುತ್ತದೆ, ಸಬ್‌ಟೈಟಲ್ ಗಾತ್ರ ಹೆಚ್ಚಿಸುವ ಆಯ್ಕೆ ಆಟದಲ್ಲಿದ್ದರೆ ಮೊದಲೇ ಹೆಚ್ಚಿಸಿಕೊಳ್ಳಿ.