ಶ್ರೀರಂಗಪಟ್ಟಣ ಸರಿಮಾಡೋಕೆ ಹೋಗಿ 63 ಫೈಲ್ ಕೆದಕಿದ ಕತೆ

ನಮ್ ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು, ಶ್ರೀರಂಗಪಟ್ಟಣದಲ್ಲಿದಾರೆ. ಅವರ ಫೋನ್‌ಗೆ ಒಂದು ಓಪನ್ ಸೋರ್ಸ್ (ಕೋಡ್ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ) ನೋಟ್ಸ್ ಆಪ್ ನಾನೇ ಹಾಕ್ಕೊಟ್ಟಿದ್ದೆ. ಒಂದಿನ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಬಂತು, ಕೆಳಗಡೆ "ಏನೋ ಇದು, ನಮ್ಮೂರ್ ಹೆಸರು ಶ್ರೀರಂಗಪಟ್ ಅಂತ ಬರ್ತಿದೆ, ಮಿಕ್ಕಿದ್ದು ಎಲ್ಲಿಗೆ ಹೋಯ್ತು?" ಅಂತ.

ನೋಡ್ದೆ. ಪಟ್ಟಿಯಲ್ಲಿ ಜಾಗ ಕಮ್ಮಿ ಅಂತ ಹೆಡಿಂಗನ್ನ 10 ಕ್ಯಾರೆಕ್ಟರ್‌ಗೆ ಕತ್ತರಿಸ್ತಿದ್ರು. ನಮ್ ಕಣ್ಣಿಗೆ ಶ್ರೀ, ರಂ, ಗ, ಪ, ಟ್ಟ, ಣ ಅಂತ ಆರೇ ಅಕ್ಷರ, ಆದ್ರೆ ಯೂನಿಕೋಡ್ (ಎಲ್ಲಾ ಲಿಪಿಯ ಚಿಹ್ನೆಗೂ ಕಂಪ್ಯೂಟರ್‌ಗೆ ಅಂತ ನಂಬರ್ ಕೊಡೋ ಪದ್ಧತಿ) ಲೆಕ್ಕದಲ್ಲಿ 12, ಬರೀ ಶ್ರೀ ಒಂದಕ್ಕೇ ಶ, ್, ರ, ೀ ಅಂತ ನಾಲ್ಕು. 10ಕ್ಕೆ ಕತ್ತರಿ ಹಾಕಿದ್ರೆ ಸರಿಯಾಗಿ ಟ್ಟ ಮಧ್ಯದಲ್ಲೇ ಬೀಳುತ್ತೆ. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋಲಿ ದಿನಾ ಒಂದು ಗಂಟೆ ಮೇಲೆ ಸಿಗುತ್ತೆ, ಸೀಟೂ ಸಿಕ್ಕಿತ್ತು, ಅಲ್ಲೇ ಕೂತು ಸ್ಲೈಸ್ (ಹಿಂಗೆ ಎಣಿಸಿ ಕತ್ತರಿಸೋ ಕೋಡ್) ತೆಗೆದು ಜಾವಾಸ್ಕ್ರಿಪ್ಟ್‌ನ ಸೆಗ್ಮೆಂಟರ್ (ಕಣ್ಣಿಗೆ ಕಾಣೋ ಅಕ್ಷರಗಳಾಗಿ ಬಿಡಿಸೋದು) ಹಾಕ್ದೆ. ಅದೂ ಟ್ ಮತ್ತೆ ಟ ಅಂತ ಬೇರೆ ಬೇರೆನೇ ಮಾಡ್ತಿತ್ತು. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೀಬಾರದು ಅನ್ನೋ ನಿಯಮ ಸೇರಿಸಿದಾಗ ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳಂ ಎಲ್ಲ ಪಟ್ಟಿಲಿತ್ತು, ಕನ್ನಡ ಇರ್ಲಿಲ್ಲ (ಹೊಟ್ಟೆ ಉರೀತು, ಇರ್ಲಿ). ಹಾಗಾಗಿ ತುಂಡಿನ ಕೊನೇಲಿ ್ ಇದ್ದು ಮುಂದೆ ವ್ಯಂಜನ ಬಂದ್ರೆ ಎರಡನ್ನೂ ಸೇರಿಸು ಅಂತ ಇನ್ನೊಂದೆರಡು ಸಾಲು. ಎಲ್ಲ ಸೇರಿ ಏಳು ಸಾಲಿನ ಪಿಆರ್ (ಈ ಬದಲಾವಣೆ ತಗೊಳ್ಳಿ ಅಂತ ಕಳಿಸೋ ಕೋರಿಕೆ), ಎರಡೇ ದಿನಕ್ಕೆ ಮರ್ಜ್ ಆಯ್ತು, ಅಂದ್ರೆ ಮೂಲ ಕೋಡ್‌ಗೆ ಸೇರ್ತು, ಆಪ್ ನೋಡ್ಕೊಳ್ಳೋ ಮೇಂಟೇನರ್ ಥ್ಯಾಂಕ್ಸ್ ಬೇರೆ ಹೇಳಿದ್ರು.

ಅಲ್ಲಿಗೆ ಸುಮ್ನಿರಬೇಕಿತ್ತು. ಕೋಡ್‌ನಲ್ಲಿ ಹುಡುಕಿದ್ರೆ ಅದೇ ಸ್ಲೈಸ್ ಇನ್ನೂ 11 ಕಡೆ ಇದೆ! ಸರ್ಚ್ ರಿಸಲ್ಟ್, ನೋಟಿಫಿಕೇಶನ್, ಶೇರ್ ಮಾಡೋ ಕಡೆ, ಪಿಡಿಎಫ್ ಹೆಸರು, ಎಲ್ಲಾ ಕಡೆ ಕಾಪಿ ಪೇಸ್ಟ್. ಎಲ್ಲಾದಕ್ಕೂ ಸೇರಿ ಒಂದು ಟೆಕ್ಸ್ಟ್ ಮಾಡ್ಯೂಲ್ ಬರೆಯೋಣ ಅಂತ ಶುರು ಮಾಡ್ದೆ, ಬರೀತಾ ಬರೀತಾ ಫಂಕ್ಷನ್ ಹೆಸರು ಸರಿ ಇಲ್ಲ ಅನ್ನಿಸ್ತು ಬದಲಾಯಿಸ್ದೆ, ಫೋಲ್ಡರ್ ಸರಿ ಇಲ್ಲ ಅನ್ನಿಸ್ತು ಅದನ್ನೂ ಎತ್ತಿ ಬೇರೆ ಕಡೆ ಇಟ್ಟೆ, ಎಡಿಟರ್ ಅದರ ಪಾಡಿಗೆ ಫಾರ್ಮ್ಯಾಟ್ (ಸಾಲು, ಸ್ಪೇಸ್ ಜೋಡಣೆ) ಮಾಡ್ತಾ ಹೋಯ್ತು, ಮೂರು ವಾರ ಆದ್ಮೇಲೆ ನೋಡಿದ್ರೆ 63 ಫೈಲ್ ಬದಲಾಗಿತ್ತು, ಎಲ್ಲಾ ಒಂದೇ ಪಿಆರ್ ಮಾಡಿ ಕಳಿಸ್ದೆ. ನಂಗಂತೂ ಬಹಳ ಹೆಮ್ಮೆ.

ಎರಡು ತಿಂಗಳು ಯಾರೂ ಮುಟ್ಲಿಲ್ಲ. ಮೇಂಟೇನರ್ ಬಗ್ಗೆ ಸಿಟ್ಟೇ ಬಂದಿತ್ತು, ಈಗ ಯೋಚಿಸಿದ್ರೆ ಪಾಪ ಅನ್ಸುತ್ತೆ, ಅವರು ಕೆಲಸ ಮುಗಿಸಿ ಮಕ್ಕಳನ್ನ ಮಲಗಿಸಿ ರಾತ್ರಿ ಒಂದು ಗಂಟೆ ಕೂರೋರು, ಅವರಿಗೆ ಏನ್ ಬದಲಾಗಿದೆ ಏನ್ ಬರೀ ಜಾಗ ಬದಲಾಯಿಸಿದೆ ಅಂತ ಗೊತ್ತಾಗೋದಾದ್ರೂ ಹೇಗೆ. ಕೊನೆಗೆ ನನ್ ಕಾಟ ತಡೀಲಾರದೆ ಬೀಟಾಗೆ (ಪರೀಕ್ಷೆಗೆ ಅಂತ ಮುಂಚೆ ಬಿಡೋ ಆವೃತ್ತಿ) ಹಾಕಿದ್ರು. ನಾಲ್ಕೇ ದಿನಕ್ಕೆ ದೂರು ಬಂತು, ಮೊದಲು ಪರ್ಷಿಯನ್‌ನಲ್ಲಿ ಬರೆಯೋರಿಂದ, ಪದಗಳೆಲ್ಲ ಅಂಟ್ಕೊಂಡು ಕಾಣ್ತಿದೆ ಅಂತ. ಆಮೇಲೆ ಚಿಕ್ಕಪ್ಪನ ಸ್ಕ್ರೀನ್‌ಶಾಟ್, ಅವರ ಹಳೇ ನೋಟ್‌ನಲ್ಲಿ ರಾಜ್‌ಕುಮಾರ್ ಇದ್ದಿದ್ದು ರಾಜ್ಕುಮಾರ್ ಆಗಿದೆ, ರ‍್ಯಾಂಕ್ ಇದ್ದಿದ್ದು ರ್ಯಾಂಕ್ ಆಗಿ ಅರ್ಕಾವತ್ತು ಬಂದಿದೆ.

ಆಗಿದ್ದೇನಪ್ಪಾ ಅಂದ್ರೆ, ಕಣ್ಣಿಗೆ ಕಾಣದ ಕ್ಯಾರೆಕ್ಟರ್‌ಗಳನ್ನ ತೆಗೆಯೋ ಕೋಡ್‌ನಲ್ಲಿ ಎರಡನ್ನ ಮಾತ್ರ ಬಿಟ್ಟುಬಿಡು ಅಂತ ಒಂದು ವಿಚಿತ್ರ ಇಫ್ (ಷರತ್ತು) ಇತ್ತು, ಪಕ್ಕದಲ್ಲಿ ಕಾಮೆಂಟೂ ಇರ್ಲಿಲ್ಲ, ಕಸ ಅಂದ್ಕೊಂಡು ಗುಡಿಸಿ ಹಾಕ್ದೆ. ಆ ಎರಡೇ ಝೀರೋ ವಿಡ್ತ್ ಜಾಯ್ನರ್ ಮತ್ತೆ ನಾನ್ ಜಾಯ್ನರ್. ಜ್ ಕೆಳಗೆ ಕ ಒತ್ತಾಗದೇ ಇರೋಕೆ ನಾನ್ ಜಾಯ್ನರ್, ರ‍್ಯಾ ಬರೆಯೋಕೆ ಇನ್ನೊಂದು. ದಿನಾ ಕನ್ನಡ ಟೈಪ್ ಮಾಡೋ ನಾನೇ ಕನ್ನಡ ಕೆಡಿಸಿದ್ದೆ.

ಆಫೀಸಲ್ಲಿ ಸೀನಿಯರ್ ಒಬ್ರಿಗೆ ಹೇಳ್ದೆ. ಅವರು ನಗ್ತಾ "ನೀನೇ ಮೊದಲ್ನೇವ್ನಲ್ಲ ಬಿಡಪ್ಪ" ಅಂತ ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಕತೆ ಹೇಳಿದ್ರು. 2006ರಲ್ಲಿ ವ್ಯಾಲ್‌ಗ್ರೈಂಡ್ (ಮೆಮೊರಿ ತಪ್ಪು ಹುಡುಕೋ ಟೂಲ್) ವಾರ್ನಿಂಗ್ ಕೊಡ್ತಿದೆ ಅಂತ ಡೆಬಿಯನ್‌ನವರು ಓಪನ್ ಎಸ್‌ಎಸ್‌ಎಲ್‌ನಲ್ಲಿ (ಎನ್‌ಕ್ರಿಪ್ಶನ್ ಮಾಡೋ ಲೈಬ್ರರಿ) ಒಂದೆರಡು ಸಾಲು ತೆಗೆದ್ರು. ಆ ಸಾಲಿಂದಲೇ ರ‍್ಯಾಂಡಮ್‌ಗೆ ಬೇಕಾದ ಸರಕು ಹೋಗ್ತಿತ್ತು. 2008ರ ಮೇನಲ್ಲಿ ಗೊತ್ತಾಗೋವರೆಗೂ ಪ್ರೋಸೆಸ್ ನಂಬರ್ (ಓಡ್ತಿರೋ ಪ್ರೋಗ್ರಾಂಗೆ ಸಿಸ್ಟಂ ಕೊಡೋ ಸಂಖ್ಯೆ) ಮೇಲೇ ಗುಪ್ತ ಕೀ ಹುಟ್ತಿತ್ತು, ಅಂದ್ರೆ ಒಂದು ಸೈಜಿನ ಕೀ ತಗೊಂಡ್ರೆ 32,768 ಸಾಧ್ಯತೆ, ಅಷ್ಟೇ. ಅದು ನನ್ ತರ ರಿಫ್ಯಾಕ್ಟರಿಂಗೂ (ಕೆಲಸ ಅದೇ ಇಟ್ಟು ಕೋಡ್ ಜೋಡಣೆ ಬದಲಾಯಿಸೋದು) ಅಲ್ಲ, ಪುಟ್ಟ ಫಿಕ್ಸ್. ಸಣ್ಣದು ಮಾಡಿದ್ರೆ ಸೇಫು ಅಂತ ನಂಗಿದ್ದ ನಂಬಿಕೆ ಅಲ್ಲಿಗೆ ಹೋಯ್ತು. ಸಾಲು ಎಷ್ಟು ಅನ್ನೋದಕ್ಕಿಂತ ಆ ಸಾಲು ಯಾಕಿತ್ತು ಅಂತ ಗೊತ್ತಿದ್ಯಾ ಅನ್ನೋದು ನೋಡ್ಬೇಕು.

ಯಾಕಿತ್ತು ಅಂತ ಹುಡುಕೋಣ ಅಂತ ಗಿಟ್ ಬ್ಲೇಮ್ (ಯಾವ ಸಾಲನ್ನ ಕೊನೇಲಿ ಯಾರು ಬದಲಾಯಿಸಿದ್ರು ಅಂತ ತೋರಿಸೋದು) ಹಾಕಿದ್ರೆ ಎಲ್ಲಾ ಸಾಲಿಗೂ ನನ್ ಹೆಸರೇ! ಫಾರ್ಮ್ಯಾಟ್ ಮಾಡಿದ್ನಲ್ಲ. ಗಿಟ್ ಲಾಗ್‌ಗೆ ಮೈನಸ್ ಎಸ್ ಕೊಟ್ಟು ಆ ಸಾಲು ಯಾವಾಗ ಬಂತು ಅಂತ ಹುಡುಕಿದಾಗ ಆರು ವರ್ಷ ಹಿಂದಿನ ಕಮಿಟ್ (ದಾಖಲಾದ ಬದಲಾವಣೆ) ಸಿಕ್ತು, ಮೆಸೇಜ್‌ನಲ್ಲಿ ಕಾರಣ ನೀಟಾಗಿ ಬರೆದಿತ್ತು. ಕೆಡವೋಕೆ ಮುಂಚೆ ಎರಡು ನಿಮಿಷ ಕೊಟ್ಟಿದ್ರೆ ಸಾಕಿತ್ತು.

ಪಿಆರ್ ರಿವರ್ಟ್ ಆಯ್ತು (ವಾಪಸ್ ತೆಗೆದ್ರು), ನಾನೇ ಮಾಡಿ ಅಂದೆ. ಮತ್ತೆ ಶುರು ಮಾಡಿದಾಗ ಮೊದಲ್ನೇ ಪಿಆರ್‌ನಲ್ಲಿ ಬರೀ ಟೆಸ್ಟು, ಕೋಡ್ ಒಂದು ಸಾಲೂ ಮುಟ್ಲಿಲ್ಲ: ಶ್ರೀರಂಗಪಟ್ಟಣ, ರಾಜ್‌ಕುಮಾರ್, ರ‍್ಯಾಂಕ್, ಬಸ್ ನಿಲ್ದಾಣ (ಇಲ್ಲಿ ಸ್ ಆದ್ಮೇಲೆ ಸ್ಪೇಸ್, ಸೇರಿಸಬಾರದು), ಪರ್ಷಿಯನ್ ಪದ ನಾಲ್ಕು. ಆಮೇಲೆ ಹೊಸ ಫಂಕ್ಷನ್ ಒಂದೇ, ಅದನ್ನ ಕರೆಯೋದು ಒಂದೇ ಕಡೆ. ಅದು ಒಂದು ರಿಲೀಸ್ ದಾಟಿದ್ಮೇಲೆ ಎರಡೆರಡು ಜಾಗ. ಲಿನಕ್ಸ್ ಕರ್ನಲ್‌ನವರು ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಲಿ ಅಂತ ಮೊದಲಿಂದ ಹೇಳ್ಕೊಂಡೇ ಬಂದಿದಾರೆ, ನಾವು ಓದ್ತೀವಿ, ಮಾಡಲ್ಲ. ಫಾರ್ಮ್ಯಾಟಿಂಗ್ ಕೊನೆಗೆ, ಅದೊಂದೇ ಬೇರೆ ಕಮಿಟ್, ಮತ್ತೆ ಅದರ ನಂಬರ್‌ನ ಬ್ಲೇಮ್ ಇಗ್ನೋರ್ ಫೈಲ್‌ಗೆ ಹಾಕಿದೆ, ಬ್ಲೇಮ್ ಆಗ ಆ ಕಮಿಟ್ ಬಿಟ್ಟು ನೋಡುತ್ತೆ, ಗಿಟ್ 2.23ರಿಂದ, ಅಂದ್ರೆ 2019ರಿಂದ ಆ ಸೌಲಭ್ಯ ಇದೆ. ಜ್ಯಾಂಗೋದವರು (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) 2022ರಲ್ಲಿ ಇಡೀ ಕೋಡನ್ನ ಬ್ಲ್ಯಾಕ್ ಅನ್ನೋ ಫಾರ್ಮ್ಯಾಟರ್‌ಗೆ ಹಾಕಿದಾಗ ಮಾಡಿದ್ದೂ ಇದನ್ನೇ.

ನಿಧಾನ ಆಯ್ತಾ ಅಂದ್ರೆ ಹೌದು. ಆದ್ರೆ ಒಂದೊಂದೇ ಜಾಗ ಕೂತು ನೋಡ್ತಾ ಹೋದಾಗ ಪಿಡಿಎಫ್ ಹೆಸರು ಕತ್ತರಿಸೋ ಸಾಲು ಬೇರೆ ಜಾತಿದು ಅಂತ ಗೊತ್ತಾಯ್ತು. ನೋಡೋಕೆ ಅದೇ ಸ್ಲೈಸ್, ಆದ್ರೆ ಅಲ್ಲಿ ಸಮಸ್ಯೆ ಚಂದ ಕಾಣೋದಲ್ಲ, ಲಿನಕ್ಸ್‌ನ ಫೈಲ್ ಸಿಸ್ಟಂ ಎಕ್ಸ್ಟ್4ನಲ್ಲಿ ಫೈಲ್ ಹೆಸರು 255 ಬೈಟ್ ದಾಟಂಗಿಲ್ಲ, ಕನ್ನಡದ ಒಂದೊಂದು ಕ್ಯಾರೆಕ್ಟರ್‌ಗೂ ಯುಟಿಎಫ್-8ನಲ್ಲಿ (ಯೂನಿಕೋಡನ್ನ ಬೈಟ್ ಆಗಿ ಇಡೋ ರೀತಿ) ಮೂರು ಬೈಟ್, ಹಾಗಾಗಿ 85ಕ್ಕೇ ಫುಲ್. ಅಕ್ಷರ ಎಣಿಸೋ ನನ್ ಫಂಕ್ಷನ್ ಅಲ್ಲಿ ಹಾಕಿದ್ರೆ ಉದ್ದ ಹೆಡಿಂಗ್ ಇರೋ ನೋಟು ಸೇವೇ ಆಗ್ತಿರ್ಲಿಲ್ಲ. ಆ ಸಾಲನ್ನ ಹಂಗೇ ಬಿಟ್ಟು ಮೇಲೆ ಯಾಕೆ ಅಂತ ಕಾಮೆಂಟ್ ಬರೆದೆ. 11ರಲ್ಲಿ ಒಂಬತ್ತು ಬದಲಾಗಿದೆ, ಇನ್ನೊಂದು ಕಡೆ ಯಾರೂ ಬಳಸ್ತಾನೇ ಇಲ್ಲ, ನಾನೂ ಮುಟ್ಟಿಲ್ಲ.

ಹೋದ್ವಾರ ಚಿಕ್ಕಪ್ಪ ಫೋನ್ ಮಾಡಿದ್ರು. "ಊರ ಹೆಸರು ಸರಿ ಆಯ್ತು ಕಣೋ, ಕೊಡಗು ಅಂತ ಹುಡುಕಿದ್ರೆ ಹಳೇ ನೋಟ್ ಸಿಗ್ತಿಲ್ಲ." ಹಳೇದ್ರಲ್ಲಿ ೊ ಅನ್ನೋದು ೆ ಮತ್ತೆ ೂ ಅಂತ ಎರಡು ಕ್ಯಾರೆಕ್ಟರ್ ಆಗಿ ಕೂತಿದೆ, ಈಗ ಟೈಪ್ ಮಾಡಿದ್ರೆ ಒಂದೇ ಬರುತ್ತೆ. ಸರ್ಚ್ ಫೈಲ್ ತೆಗ್ದು ನೋಡ್ದೆ, ಗಬ್ಬೆದ್ದು ಹೋಗಿದೆ, ಕೈ ತುರಿಸ್ತಿದೆ. ಸದ್ಯಕ್ಕೆ ಕೊಡಗು ಅನ್ನೋದಕ್ಕೆ ಒಂದು ಟೆಸ್ಟ್ ಬರೆದು ಇಟ್ಟಿದೀನಿ.