ಕಂಟ್ರೋಲರ್ ಯಾರ ಕಡೆಗಿದೆ?

ನಮ್ಮ ಮನೆಯಲ್ಲಿ ಗೇಮ್ ಆಡೋಕೆ ನಡುಮನೆಯಲ್ಲಿ ಸೋನಿಯ ಗೇಮ್ ಕನ್ಸೋಲ್ ಪಿಎಸ್5 (ಪ್ಲೇಸ್ಟೇಷನ್ 5) ಇದೆ, ನನ್ನ ಕೋಣೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಜೊತೆಗೆ ಆಂಡ್ರಾಯ್ಡ್ ಫೋನ್. ರಜೆ ಬಂತು ಅಂದರೆ ಅಕ್ಕನ ಮಗ ತನ್ನ ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್ ಹೊತ್ತು ಬರುತ್ತಾನೆ. ಒಂದೊಂದಕ್ಕೂ ಬೇರೆ ಬೇರೆ ಕಂಟ್ರೋಲರ್ ಕೊಳ್ಳೋದು ನನ್ನ ಕೈಲಿ ಆಗದ ಮಾತು. ಇರುವುದನ್ನೇ ಎಲ್ಲ ಕಡೆ ಪೇರ್ ಮಾಡಿಕೊಂಡು, ಅಂದರೆ ತಂತಿಯಿಲ್ಲದೆ ಬ್ಲೂಟೂತ್‌ನಲ್ಲಿ ಜೋಡಿಸಿಕೊಂಡು ಆಡುತ್ತೇವೆ. ಹೀಗೆ ಮಾಡುತ್ತಾ ಮಾಡುತ್ತಾ ಗೊತ್ತಾದ ವಿಷಯಗಳು ಇಲ್ಲಿವೆ.

ಮೊದಲು ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ. ಎಷ್ಟೋ ಕಂಟ್ರೋಲರ್‌ಗಳು ಕೊನೆಯದಾಗಿ ಯಾವುದಕ್ಕೆ ಪೇರ್ ಆದವೋ ಅದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತವೆ. ಫೋನು, ಲ್ಯಾಪ್‌ಟಾಪು ಹಾಗಲ್ಲ. ಅವುಗಳ ಬ್ಲೂಟೂತ್ ಪಟ್ಟಿಯಲ್ಲಿ ಹಳೆ ಹೆಸರುಗಳೆಲ್ಲ ಹಾಗೇ ಕೂತಿರುತ್ತವೆ. ತೊಂದರೆ ಶುರುವಾಗೋದೇ ಇಲ್ಲಿ. ನಿನ್ನೆ ಲ್ಯಾಪ್‌ಟಾಪ್‌ಗೆ ಪೇರ್ ಮಾಡಿದ್ದೀರಿ, ಇವತ್ತು ಬೆಳಿಗ್ಗೆ ಫೋನಿಗೆ ಮಾಡಿದಿರಿ, ಸಂಜೆ ಮತ್ತೆ ಲ್ಯಾಪ್‌ಟಾಪ್ ತೆರೆದಿರಿ. ಪಟ್ಟಿಯಲ್ಲಿ ಕಂಟ್ರೋಲರ್ ಹೆಸರು ಇದೆ, ಪಕ್ಕದಲ್ಲೇ 'ಪೇರ್ಡ್' ಅಂತಲೂ ಇದೆ. ಆದರೆ ಕನೆಕ್ಟ್ ಒತ್ತಿದರೆ ಏನೂ ಆಗಲ್ಲ. ಲ್ಯಾಪ್‌ಟಾಪ್‌ಗೆ ಕಂಟ್ರೋಲರ್ ನೆನಪಿದೆ, ಕಂಟ್ರೋಲರ್‌ಗೆ ಲ್ಯಾಪ್‌ಟಾಪ್ ಮರೆತಿದೆ. ಇಂಥ ಹೊತ್ತಲ್ಲಿ ಕನೆಕ್ಟ್ ಅನ್ನೇ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಪಟ್ಟಿಯಿಂದ ಆ ಹೆಸರನ್ನು ತೆಗೆದುಹಾಕಿ, ಹೊಸದಾಗಿ ಪೇರ್ ಮಾಡಿ. ಬೇಗ ಆಗುತ್ತೆ.

ಪಿಎಸ್5 ಜೊತೆ ಬರುವ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನಲ್ಲಿ ಇನ್ನೊಂದು ತಮಾಷೆ ಇದೆ. ನಡುವೆ ಇರುವ ಪಿಎಸ್ ಬಟನ್ ಒಂದನ್ನೇ ಒತ್ತಿದರೆ ಅದು ಹೊಸ ಸಾಧನ ಹುಡುಕುವುದಿಲ್ಲ, ತನಗೆ ಗೊತ್ತಿರುವ ಹಳೆಯದನ್ನೇ ಕರೆಯುತ್ತದೆ. ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್‌ಗೆ ಅಂತ ನಾನು ಪಿಎಸ್ ಬಟನ್ ಒತ್ತಿದರೆ, ನಡುಮನೆಯಲ್ಲಿ ಮಲಗಿದ್ದ ಪಿಎಸ್5 'ಪೀಂ' ಅಂತ ಎದ್ದು ಕೂರುತ್ತದೆ. ಅಷ್ಟೇ ಆದರೆ ಪರವಾಗಿಲ್ಲ. ಕನ್ಸೋಲ್ ಎದ್ದಾಗ ಟಿವಿಗೂ ಸೂಚನೆ ಕೊಡುವ ಎಚ್‌ಡಿಎಂಐ ಲಿಂಕ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ಟಿವಿಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅಮ್ಮ ನೋಡುತ್ತಿದ್ದ ಧಾರಾವಾಹಿ ಮಾಯ! 'ಏನೋ ಮಾಡಿದೆ ಟಿವಿಗೆ?' ಅಂತ ಅಲ್ಲಿಂದಲೇ ಕೂಗು.

ಹೊಸ ಸಾಧನಕ್ಕೆ ಪೇರ್ ಮಾಡೋಕೆ ಟಚ್‌ಪ್ಯಾಡ್‌ನ ಎಡಕ್ಕಿರುವ ಪುಟ್ಟ ಕ್ರಿಯೇಟ್ ಬಟನ್ನನ್ನೂ ಪಿಎಸ್ ಬಟನ್ನನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಕಂಟ್ರೋಲರ್ ಮೊದಲು ಆಫ್ ಆಗಿರಬೇಕು, ಇದು ಮುಖ್ಯ. ಟಚ್‌ಪ್ಯಾಡ್ ಸುತ್ತಲಿನ ನೀಲಿ ಬೆಳಕು ಪಟಪಟ ಮಿಣುಕಲು ಶುರುವಾದರೆ ಅದು ಪೇರಿಂಗ್‌ಗೆ ತಯಾರು. ನಿಧಾನಕ್ಕೆ ಉಸಿರಾಡಿದ ಹಾಗೆ ಬೆಳಗಿ ಆರುತ್ತಿದ್ದರೆ ಇನ್ನೂ ಹಳೆಯದನ್ನೇ ಹುಡುಕುತ್ತಿದೆ ಅಂತ ಲೆಕ್ಕ. ಪಿಎಸ್4ರ ಹಳೆಯ ಕಂಟ್ರೋಲರ್ ಡ್ಯುಯಲ್‌ಶಾಕ್ 4ಕ್ಕೂ ಇದೇ ದಾರಿ. ಅಲ್ಲಿ ಕ್ರಿಯೇಟ್ ಬದಲು ಶೇರ್ ಬಟನ್, ಅಷ್ಟೇ. ಏನು ಮಾಡಿದರೂ ಜಗ್ಗದಿದ್ದರೆ ಹಿಂಬದಿಯ ಸಣ್ಣ ತೂತಿಗೆ ಸಿಮ್ ತೆಗೆಯುವ ಪಿನ್ ಹಾಕಿ ಕೆಲವು ಸೆಕೆಂಡ್ ಒತ್ತಿ. ಎಲ್ಲ ಮರೆತು ಹೊಸದಾಗುತ್ತದೆ.

ಮತ್ತೆ ಪಿಎಸ್5ಗೆ ವಾಪಸ್ ತರೋದು ಸುಲಭ. ಯುಎಸ್‌ಬಿ ಕೇಬಲ್ ಚುಚ್ಚಿ ಪಿಎಸ್ ಬಟನ್ ಒತ್ತಿದರೆ ಸಾಕು. ಆದರೆ ಕೇಬಲ್ ವಿಷಯದಲ್ಲಿ ಹುಷಾರು. ಮನೆಯ ಡ್ರಾಯರ್‌ನಲ್ಲಿ ಬಿದ್ದಿರುವ ಕೇಬಲ್‌ಗಳಲ್ಲಿ ಕೆಲವು ಬರೀ ಚಾರ್ಜ್ ಮಾಡುವಂಥವು. ಒಳಗೆ ಡೇಟಾ ತಂತಿಯೇ ಇರಲ್ಲ. ಹಾಕಿದ ಕೂಡಲೇ ಕಿತ್ತಳೆ ಬೆಳಕು ಬರುತ್ತದೆ, ಚಾರ್ಜ್ ಏರುತ್ತದೆ, ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಪೇರ್ ಮಾತ್ರ ಆಗಲ್ಲ. ಅದೇ ಕೇಬಲ್ಲಿನಲ್ಲಿ ಫೋನಿನ ಫೋಟೋ ಲ್ಯಾಪ್‌ಟಾಪ್‌ಗೆ ಬರುತ್ತದಾ ನೋಡಿ. ಬಂದರೆ ಅದನ್ನೇ ಎತ್ತಿಟ್ಟುಕೊಳ್ಳಿ. ನಾನು ನನ್ನದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ.

ಮೈಕ್ರೋಸಾಫ್ಟ್‌ನ ಕನ್ಸೋಲ್ ಆದ ಎಕ್ಸ್‌ಬಾಕ್ಸ್‌ನ ಕಂಟ್ರೋಲರ್ ಕೊಳ್ಳುವವರಿಗೆ, ಅದೂ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ, ಒಂದು ಗುರುತು ಹೇಳುತ್ತೇನೆ. ಎಕ್ಸ್‌ಬಾಕ್ಸ್ ಲೋಗೋ ಬಟನ್ ಸುತ್ತಲಿನ ಪ್ಲಾಸ್ಟಿಕ್ ಗಮನಿಸಿ. ಅದು ಮುಂಭಾಗದ ಜೊತೆ ಒಂದೇ ಆಗಿದ್ದರೆ ಬ್ಲೂಟೂತ್ ಇದೆ. ಮೇಲಂಚಿನಲ್ಲಿ ತೋರುಬೆರಳಿಗೆ ಸಿಗುವ ಬಂಪರ್ ಬಟನ್‌ಗಳ ಜೊತೆ ಸೇರಿದ ಬೇರೆ ತುಂಡಾಗಿದ್ದರೆ ಅದು ಹಳೆ ಮಾಡೆಲ್, ಬ್ಲೂಟೂತ್ ಇಲ್ಲ. ಅಂಥದ್ದನ್ನು ಫೋನಿಗೆ ಪೇರ್ ಮಾಡೋಕೆ ಆಗಲ್ಲ. 2016ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಸ್ ಜೊತೆ ಬಂದ ಕಂಟ್ರೋಲರ್‌ನಿಂದ ಬ್ಲೂಟೂತ್ ಶುರುವಾಯಿತು. ಪೇರ್ ಬಟನ್ ಮೇಲ್ಬದಿಯಲ್ಲಿ, ಕೇಬಲ್ ಚುಚ್ಚುವ ಜಾಗದ ಪಕ್ಕದಲ್ಲಿದೆ. ಮೂರು ಸೆಕೆಂಡ್ ಒತ್ತಿ ಹಿಡಿದರೆ ಲೋಗೋ ಬೇಗ ಬೇಗ ಮಿಣುಕುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ಹೊಸ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕಾಲದ ಕಂಟ್ರೋಲರ್ ತನ್ನ ಕನ್ಸೋಲನ್ನೂ ಒಂದು ಬ್ಲೂಟೂತ್ ಸಾಧನವನ್ನೂ ಎರಡನ್ನೂ ನೆನಪಿಟ್ಟುಕೊಳ್ಳುತ್ತದೆ. ಪೇರ್ ಬಟನ್ನನ್ನು ಎರಡು ಸಲ ಟಕ್ ಟಕ್ ಅಂತ ಒತ್ತಿದರೆ ಇದರಿಂದ ಅದಕ್ಕೆ ಹಾರುತ್ತದೆ. 2021ರ ಅಪ್‌ಡೇಟ್‌ನಲ್ಲಿ ಬ್ಲೂಟೂತ್ ಇರುವ ಹಳೆಯವಕ್ಕೂ ಇದು ಬಂತು.

ವಿಂಡೋಸ್‌ನಲ್ಲಿ ಪೇರ್ ಆಯಿತು ಅಂದ ಮಾತ್ರಕ್ಕೆ ಆಟದಲ್ಲಿ ಓಡುತ್ತದೆ ಅಂತಲ್ಲ. ತುಂಬಾ ಪಿಸಿ ಆಟಗಳು ಎಕ್ಸ್‌ಬಾಕ್ಸ್ ಭಾಷೆಯನ್ನೇ ಬಲ್ಲವು. ಪಿಎಸ್ ಕಂಟ್ರೋಲರ್ ಅವಕ್ಕೆ ಕಾಣೋದೇ ಇಲ್ಲ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿರುವ ಆಟವಾದರೆ ಅದರ ಸೆಟ್ಟಿಂಗ್‌ನಲ್ಲಿ ಸ್ಟೀಮ್ ಇನ್‌ಪುಟ್ ಆನ್ ಮಾಡಿ, ಅದೇ ದುಭಾಷಿ ಕೆಲಸ ಮಾಡುತ್ತದೆ. ಫೋನಿನಲ್ಲಿ ತಲೆನೋವು ಕಮ್ಮಿ. ಡ್ಯುಯಲ್‌ಶಾಕ್ 4ಕ್ಕೆ ಆಂಡ್ರಾಯ್ಡ್ 10, ಡ್ಯುಯಲ್‌ಸೆನ್ಸ್‌ಗೆ ಆಂಡ್ರಾಯ್ಡ್ 12 ಇದ್ದರೆ ಚೆನ್ನ. ಐಫೋನಿಗೆ ಕ್ರಮವಾಗಿ ಐಒಎಸ್ 13 ಮತ್ತು 14.5 ಇರಬೇಕು. ಟಚ್‌ಗೆ ಮಾತ್ರ ಮಾಡಿದ ಆಟಕ್ಕೆ ಯಾವ ಕಂಟ್ರೋಲರ್ ಜೋಡಿಸಿದರೂ ವೇಸ್ಟ್, ಅದು ನಿಮ್ಮ ತಪ್ಪಲ್ಲ.

ನಿಂಟೆಂಡೊ ಸ್ವಿಚ್ ತನ್ನಷ್ಟಕ್ಕೆ ಡ್ಯುಯಲ್‌ಸೆನ್ಸ್ ಒಪ್ಪುವುದಿಲ್ಲ. ಹಾಗಾಗಿ ಅಕ್ಕನ ಮಗನಿಗೆ 8ಬಿಟ್‌ಡೋ ಪ್ರೊ 2 ಎಂಬ ಕಂಟ್ರೋಲರ್ ಕೊಡಿಸಿದೆ. ಅದರಲ್ಲಿ ನಾಲ್ಕು ಸ್ಥಾನದ ಒಂದು ಪುಟ್ಟ ಗುಂಡಿ ಇದೆ: ಎಸ್ ಅಂದರೆ ನಿಂಟೆಂಡೊ ಸ್ವಿಚ್, ಎ ಅಂದರೆ ಆಪಲ್, ಡಿ ಅಂದರೆ ಆಂಡ್ರಾಯ್ಡ್, ಎಕ್ಸ್ ಅಂದರೆ ವಿಂಡೋಸ್. ಪೇರ್ ಆಗ್ತಿಲ್ಲ ಮಾಮ ಅಂತ ಫೋನ್ ಮಾಡಿದರೆ ನಾನು ಮೊದಲು ಕೇಳೋದೇ, 'ಗುಂಡಿ ಯಾವ ಅಕ್ಷರದ ಮೇಲಿದೆ ನೋಡು.'

ಇನ್ನು ಪೇರ್ ಆಗಿ, ನಡುನಡುವೆ ಕೈ ಕೊಟ್ಟರೆ? ನನ್ನ ಗೆಳೆಯನ ಡೆಸ್ಕ್‌ಟಾಪ್‌ಗೆ ಬ್ಲೂಟೂತ್ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಯುಎಸ್‌ಬಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ಡಾಂಗಲ್ ತಂದು ಸಿಪಿಯು ಹಿಂದೆ ಚುಚ್ಚಿದ್ದ. ಆಟದಲ್ಲಿ ಓಡುತ್ತಿದ್ದ ಕಾರು ತಾನಾಗೇ ಗೋಡೆಗೆ ಹೋಗಿ ಬಡಿಯುತ್ತಿತ್ತು. ಡಾಂಗಲ್ ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಇತ್ತು. ಯುಎಸ್‌ಬಿ 3 ಎಬ್ಬಿಸುವ ಗದ್ದಲ ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್‌ನಲ್ಲೇ ಬರುತ್ತದೆ. ಸಾಲದ್ದಕ್ಕೆ ಸಿಪಿಯು ಪೆಟ್ಟಿಗೆಯ ತಗಡು ಬೇರೆ ಅಡ್ಡ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಟೇಬಲ್ ಮೇಲೆ ತಂದಿಟ್ಟೆವು. ಕಾರು ನೆಟ್ಟಗೆ ಓಡಿತು.

2025ರಲ್ಲಿ ಸೋನಿ ಕೊಟ್ಟ ಅಪ್‌ಡೇಟ್ ಡ್ಯುಯಲ್‌ಸೆನ್ಸ್‌ನ ಮರೆವನ್ನೂ ಸರಿಮಾಡಿದೆ. ಈಗ ಅದು ನಾಲ್ಕು ಸಾಧನಗಳವರೆಗೆ ನೆನಪಿಡುತ್ತದೆ. ಪಿಎಸ್ ಬಟನ್ ಜೊತೆ ಬಲಗಡೆಯ ನಾಲ್ಕು ಬಟನ್‌ಗಳಲ್ಲಿ ಒಂದನ್ನು ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದು ಪೇರ್ ಮಾಡಿದರೆ ಆ ಬಟನ್ ಆ ಸಾಧನಕ್ಕೆ ಮೀಸಲು. ಆಮೇಲೆ ಬದಲಿಸೋಕೆ ಅದೇ ಜೋಡಿಯನ್ನು ಮೂರು ಸೆಕೆಂಡ್ ಒತ್ತಿದರೆ ಆಯಿತು. ನಾನು ತ್ರಿಕೋನವನ್ನು ಲ್ಯಾಪ್‌ಟಾಪ್‌ಗೆ, ಚೌಕವನ್ನು ಫೋನಿಗೆ ಇಟ್ಟಿದ್ದೇನೆ. ಅಮ್ಮನ ಧಾರಾವಾಹಿಗೆ ಈಗ ಅಡ್ಡಿಯಿಲ್ಲ.