ಟೊಮೆಟೊ ಸೊರಗು ರೋಗ: ಬ್ಯಾಕ್ಟೀರಿಯಾ ಅಡಗೋ ಜಾಗ ಹುಡುಕುವುದು, ಮುಚ್ಚುವುದು ಹೇಗೆ

ಬೆಳಿಗ್ಗೆ ನೆಟ್ಟಗಿದ್ದ ಟೊಮೆಟೊ ಗಿಡ ಮಧ್ಯಾಹ್ನಕ್ಕೆ ಜೋತು ಬಿದ್ದಿರುತ್ತದೆ. ಎಲೆ ಇನ್ನೂ ಹಸಿರು. ನೀರು ಬಿಟ್ಟರೂ ಏಳುವುದಿಲ್ಲ. ನಮ್ಮ ಮುಳಬಾಗಿಲು ಕಡೆ ಇಂಥ ಗಿಡ ಕಂಡ ತಕ್ಷಣ ಔಷಧಿ ಅಂಗಡಿಗೆ ಓಡುತ್ತಾರೆ. ದಯವಿಟ್ಟು ಓಡಬೇಡಿ. ಮೊದಲು ಒಂದು ಗಾಜಿನ ಲೋಟ ತನ್ನಿ.

ಬುಡದ ಹತ್ತಿರ ಕಾಂಡ ಕೊಯ್ಯಿರಿ. ಎರಡು ಮೂರು ಇಂಚಿನ ತುಂಡು ಸಾಕು. ಲೋಟಕ್ಕೆ ತಿಳಿ ನೀರು ತುಂಬಿ, ತುಂಡಿನ ತುದಿ ಮಾತ್ರ ನೀರಿಗೆ ತಾಗುವಂತೆ ದಾರ ಕಟ್ಟಿ ಇಳಿಬಿಡಿ. ಅಲುಗಾಡಿಸಬೇಡಿ. ಹಿಂದೆ ಕಪ್ಪು ಬಟ್ಟೆ ಹಿಡಿದು ಐದು ಹತ್ತು ನಿಮಿಷ ನೋಡಿ. ಕೊಯ್ದ ಜಾಗದಿಂದ ಹಾಲಿನ ಎಳೆಯ ಹಾಗೆ ಬೆಳ್ಳಗೆ ಇಳಿಯುತ್ತಿದೆಯಾ? ಅದೇ ಬ್ಯಾಕ್ಟೀರಿಯಾ, ಕೋಟಿಗಟ್ಟಲೆ. ಎಳೆ ಇಳಿಯದೆ, ಕೆಳಗಿನ ಎಲೆ ಮೊದಲು ಹಳದಿಯಾಗಿದ್ದರೆ ಶಿಲೀಂಧ್ರದ ಸೊರಗು ಇರಬಹುದು, ಅದರ ದಾರಿ ಬೇರೆ. ಲೋಟದ ನೀರನ್ನು ತೋಟಕ್ಕೆ ಚೆಲ್ಲಬೇಡಿ. ಕುದಿಸಿ ಚೆಲ್ಲಿ.

ಈ ಬ್ಯಾಕ್ಟೀರಿಯಾದ ಹೆಸರು ರಾಲ್ಸ್ಟೋನಿಯಾ ಸೊಲನೇಸಿಯಾರಮ್. ಅಮೆರಿಕದ ಎರ್ವಿನ್ ಸ್ಮಿತ್ 1896ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಇವತ್ತಿಗೂ ಇದು ಬಗ್ಗಿಲ್ಲ, ಯಾಕೆಂದರೆ ಕಷ್ಟಕಾಲ ಕಳೆಯುವುದು ಇದಕ್ಕೆ ಚೆನ್ನಾಗಿ ಗೊತ್ತು. ಹಸಿವು ತಡೆಯುತ್ತದೆ. ಲ್ಯಾಬ್‌ಗಳಲ್ಲಿ ಇದನ್ನು ಬರೀ ಶುದ್ಧ ನೀರಿನಲ್ಲಿ, ಆಹಾರವೇ ಇಲ್ಲದೆ, ವರ್ಷಗಟ್ಟಲೆ ಜೀವಂತ ಇಡುತ್ತಾರೆ. ಚಳಿಯಾದಾಗ, ತಾಮ್ರ ತಾಗಿದಾಗ ಬೆಳೆಯುವುದನ್ನೇ ನಿಲ್ಲಿಸಿ ಜೀವ ಹಿಡಿದು ಕೂರುತ್ತದೆ. ಆಗ ಲ್ಯಾಬ್ ತಟ್ಟೆಯಲ್ಲೂ ಬೆಳೆಯುವುದಿಲ್ಲ. ಹೋಯಿತು ಅಂದುಕೊಳ್ಳುತ್ತೇವೆ, ಹೋಗಿರುವುದಿಲ್ಲ. ಮೈಸುತ್ತ ಲೋಳೆ ಬೇರೆ ಕಟ್ಟಿಕೊಳ್ಳುತ್ತದೆ. ಆ ಲೋಳೆಯೇ ಕಾಂಡದ ನೀರಿನ ನಾಳ ಮುಚ್ಚಿ ಗಿಡವನ್ನು ಕೆಡವುವುದು. ಎಲೆ ಮೇಲೆ ಹೊಡೆದ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ.

ಈ ಬ್ಯಾಕ್ಟೀರಿಯಾ ತಾಳಲಾರದ್ದು ಒಣಗು ಮತ್ತು ಬಿಸಿ. ನಮ್ಮ ಕೆಲಸ ಶುರುವಾಗಬೇಕಾದ್ದು ಅಲ್ಲಿಂದ.

ರೋಗದ ಗಿಡವನ್ನು ಬೇರಿನ ಸುತ್ತಲ ಮಣ್ಣಿನ ಸಮೇತ ಅಗೆದು, ಅಲ್ಲೇ ಗೊಬ್ಬರದ ಚೀಲಕ್ಕೆ ಹಾಕಿ. ಸಾಲಿನುದ್ದಕ್ಕೂ ಎಳೆದುಕೊಂಡು ಹೋಗಬೇಡಿ. ತಿಪ್ಪೆಗೂ ಬೇಡ, ಕಾಲುವೆಗೂ ಬೇಡ. ದೂರದಲ್ಲಿ ಒಣಗಿಸಿ ಸುಟ್ಟುಬಿಡಿ. ಆ ಗುಂಡಿಯ ಡ್ರಿಪ್ ಮುಚ್ಚಿ, ಅಲ್ಲಿ ಹೊಸ ನಾರು (ಸಸಿ) ನೆಡಬೇಡಿ. ಗುದ್ದಲಿ, ಕುಡುಗೋಲಿನ ಮಣ್ಣು ಪೂರ್ತಿ ತೊಳೆದ ಮೇಲೆ 10 ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಹತ್ತು ನಿಮಿಷ ಅದ್ದಿಡಿ. ಮಣ್ಣು ಅಂಟಿದ್ದರೆ ಬ್ಲೀಚಿಂಗ್ ಮಣ್ಣಿಗೇ ಖರ್ಚಾಗಿಹೋಗುತ್ತದೆ. ಹಳೇ ನೀಲಗಿರಿ ಕಡ್ಡಿಗಳನ್ನು ಮತ್ತೆ ಊರುವ ಮುಂಚೆಯೂ ಮಣ್ಣು ತೊಳೆದು ಬಿಸಿಲಿಗೆ ಹಾಕಿ. ಇದನ್ನು ಯಾರೂ ಮಾಡುವುದಿಲ್ಲ, ನನಗೆ ಅದೇ ಬೇಜಾರು. ರೋಗದ ತೋಟದಿಂದ ಹರಿದ ನೀರು ಕೃಷಿ ಹೊಂಡ ಸೇರದಂತೆ ಬದು ಏರಿಸಿ.

ಮಣ್ಣಲ್ಲಿ ಉಳಿದ ಬ್ಯಾಕ್ಟೀರಿಯಾ ಕಡಿಮೆ ಮಾಡಲು ಬೇಸಿಗೆಯಲ್ಲಿ ಎರಡು ದಾರಿ ಇವೆ, ಎರಡನ್ನೂ ಬೆರೆಸಬೇಡಿ. ಒಂದು, ಆಳವಾಗಿ ಉತ್ತು ಹೆಂಟೆ ತಿರುವಿ, ನೀರು ಬಿಡದೆ ಒಣಗಲು ಬಿಡುವುದು. ಇನ್ನೊಂದು ಪ್ಲಾಸ್ಟಿಕ್ ಹೊದಿಕೆ. ಇದಕ್ಕೆ ಮಣ್ಣು ಹಸಿಯಾಗಿರಬೇಕು, ಹಸಿ ಮಣ್ಣಿನಲ್ಲೇ ಬಿಸಿ ಆಳಕ್ಕೆ ಇಳಿಯುವುದು. ಏಪ್ರಿಲ್-ಮೇನಲ್ಲಿ ನೀರು ಕಟ್ಟಿ, 25 ರಿಂದ 50 ಮೈಕ್ರಾನ್‌ನ ಪಾರದರ್ಶಕ ಶೀಟ್ ಎಳೆದು, ಅಂಚಿಗೆಲ್ಲ ಮಣ್ಣು ಮುಚ್ಚಿ 4 ರಿಂದ 6 ವಾರ ಬಿಡಿ. ಕಪ್ಪು ಮಲ್ಚಿಂಗ್ ಶೀಟ್‌ನಲ್ಲಿ ಅಷ್ಟು ಬಿಸಿ ಇಳಿಯುವುದಿಲ್ಲ. ಮೇಲಿನ ಪದರಕ್ಕೆ ಇದು ಒಳ್ಳೆಯದು, ಆಳದಲ್ಲಿರೋದು ಉಳಿಯುತ್ತದೆ. ಎಕರೆಗಟ್ಟಲೆ ಮಾಡಲು ಖರ್ಚು ಜಾಸ್ತಿ, ನಾನಂತೂ ನಾರಿನ ಮಡಿಗೆ ಮಾತ್ರ ಮಾಡುತ್ತೇನೆ.

ಬೆಳೆ ಬದಲಿಸುವುದನ್ನು ಮಾತ್ರ ತಪ್ಪಿಸಲಾಗದು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿದ್ದು ನೆನಪಿದೆ ಅಲ್ವಾ? ಅಂಥ ರೇಟು ನೋಡಿದ ಮೇಲೆ ಟೊಮೆಟೊ ಮೇಲೆ ಟೊಮೆಟೊ ಹಾಕುವ ಆಸೆ ಅರ್ಥವಾಗುತ್ತದೆ. ಆದರೆ ಬದನೆ, ಮೆಣಸಿನಕಾಯಿ, ಕ್ಯಾಪ್ಸಿಕಂ, ಆಲೂಗಡ್ಡೆ ಎಲ್ಲವೂ ಈ ಬ್ಯಾಕ್ಟೀರಿಯಾಕ್ಕೆ ಊಟವೇ. ಟೊಮೆಟೊ ಬಿಟ್ಟು ಆಲೂಗಡ್ಡೆ ಹಾಕಿದರೆ ಬದಲಿಸಿದ ಹಾಗಲ್ಲ. ರಾಗಿ, ಮುಸುಕಿನ ಜೋಳ ಹಾಕಿ, ಕನಿಷ್ಠ ಎರಡು ಮೂರು ವರ್ಷ. ಆ ಸಮಯದಲ್ಲಿ ಕಳೆ ಬಿಟ್ಟರೆ ಎಲ್ಲಾ ದಂಡ. ಗಣಿಕೆ ಗಿಡದ ಬೇರಿನಲ್ಲಿ ಇದು ಸದ್ದಿಲ್ಲದೆ ಬದುಕುತ್ತದೆ, ಗಿಡ ಸೊರಗದೆಯೂ ಇರಬಹುದು. ನಮ್ಮತ್ತೆಗೆ ಗಣಿಕೆ ಸೊಪ್ಪಿಲ್ಲದೆ ಮಸ್ಸೊಪ್ಪು ರುಚಿಸುವುದಿಲ್ಲ. ಅದಕ್ಕೆ ಹಿತ್ತಲಲ್ಲಿ ಕುಂಡದಲ್ಲಿ ಬೆಳೆಸಿಕೊಟ್ಟು, ಬದುವಿನಲ್ಲಿದ್ದದ್ದನ್ನೆಲ್ಲ ಕಿತ್ತೆ.

ತಳಿ ಆರಿಸುವಾಗ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ನೋಡಿ, ಇದಕ್ಕೆ ಸೊರಗು ತಡೆಯುವ ಶಕ್ತಿ ಇದೆ. ಬದನೆ ಬೇರಿಗೆ ಕಸಿ ಮಾಡಿದ ಟೊಮೆಟೊ ಸಸಿಯೂ ಆಗುತ್ತದೆ. ಇವು ರೋಗ ತಡೆಯುತ್ತವೆ, ಮಣ್ಣನ್ನು ಶುದ್ಧ ಮಾಡುವುದಿಲ್ಲ.

ಮತ್ತೆ ಟೊಮೆಟೊ ಹಾಕುವ ಮುಂಚೆ ತೋಟದ ಹತ್ತಾರು ಕಡೆಯಿಂದ, ಮೊದಲು ಗಿಡ ಬಿದ್ದ ಜಾಗದಿಂದ ತಪ್ಪದೇ, ಮಣ್ಣು ತಂದು ಕುಂಡಗಳಿಗೆ ತುಂಬಿ. ರೋಗ ತಡೆಯುವ ಶಕ್ತಿ ಇಲ್ಲದ ತಳಿಯ ನಾರನ್ನು ಬೆಚ್ಚಗಿನ ದಿನಗಳಲ್ಲಿ ನೆಟ್ಟು ಐದಾರು ವಾರ ನೋಡಿ. ಒಂದು ಗಿಡ ಜೋತು ಬಿದ್ದು ಲೋಟದಲ್ಲಿ ಎಳೆ ಇಳಿದರೂ ಆ ವರ್ಷ ಅಲ್ಲಿ ರಾಗಿಯೇ ಬಿತ್ತಿ.